ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು

ಮಕ್ಕಳೇ, ಅಜ್ಜ-ಅಜ್ಜಿಯರೇ, ಈ ವಾರ ಮನೆಯ ಕಂಪ್ಯೂಟರ್ ಡಬ್ಬದೊಳಗೆ ಇಣುಕೋಣ. ಆಟ ಆಡಲಿಕ್ಕೋ, ವಿಡಿಯೊ ಎಡಿಟ್ ಮಾಡಲಿಕ್ಕೋ ಹೊಸ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದ್ದೀರಿ ಎನ್ನಿ. ಸ್ವಿಚ್ ಒತ್ತಿದಿರಿ. ದೀಪ ಹತ್ತಿತು, ಫ್ಯಾನ್ ತಿರುಗಿತು. ಪರದೆ ಮಾತ್ರ ಅಮಾವಾಸ್ಯೆಯ ಆಕಾಶ! ಆಗ ಏನು ಮಾಡಬೇಕು?

ಮೊದಲು ಈ ಕಾರ್ಡಿನ ಕೆಲಸವೇನು ಎಂದು ತಿಳಿಯೋಣ. ಈಗಿನ ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಗುಣಿಸಿ ನೋಡಿ: 20,73,600. ಪ್ರತಿ ಚುಕ್ಕಿಗೂ ಯಾವ ಬಣ್ಣ ಎಂದು ಸೆಕೆಂಡಿಗೆ 60 ಸಲ ಹೇಳಬೇಕು. ಅಂದರೆ ಒಂದು ಸೆಕೆಂಡಿಗೆ 12 ಕೋಟಿ 44 ಲಕ್ಷಕ್ಕೂ ಹೆಚ್ಚು ಲೆಕ್ಕ! ಈ ಲೆಕ್ಕಕ್ಕೆಂದೇ ಇಟ್ಟುಕೊಂಡ ಗುಮಾಸ್ತನೇ ಗ್ರಾಫಿಕ್ಸ್ ಕಾರ್ಡ್. ಅವನು ಬಾಯಿ ಬಿಡದಿದ್ದರೆ ಪರದೆಗೆ ಏನು ತೋರಿಸಬೇಕೆಂದೇ ತಿಳಿಯದು.

ಪರದೆ ಕಪ್ಪಾದ ಕೂಡಲೇ ಮನೆಯಲ್ಲಿ ಮೊದಲು ಕೇಳುವ ಮಾತು, "ಹಾಳು ಮಾಡಿಟ್ಟೆಯಲ್ಲೋ!" ಈಚೆಗೆ ಹಾಸನದಿಂದ ಅಜ್ಜಿಯೊಬ್ಬರು ಫೋನ್ ಮಾಡಿದ್ದರು. ಮೊಮ್ಮಗ ಹತ್ತನೇ ತರಗತಿ. ಎರಡು ವರ್ಷ ಹಬ್ಬದ ಹಣ ಕೂಡಿಟ್ಟಿದ್ದ, ಸಾಲದ್ದಕ್ಕೆ ಅಜ್ಜಿ ಪೆನ್ಷನ್ನಿನಿಂದ ಸೇರಿಸಿದ್ದರು. ಕಾರ್ಡನ್ನು ತಾನೇ ಕೂರಿಸಿದ. ಡಿಸ್‌ಪ್ಲೇ ಬರಲಿಲ್ಲ. "ಅವರಪ್ಪ, ಅಷ್ಟೂ ದುಡ್ಡು ಹೊಳೆಗೆ ಹಾಕಿದೆ, ಇನ್ನು ಆ ಕಂಪ್ಯೂಟರ್ ಮುಟ್ಟಬೇಡ ಅಂದುಬಿಟ್ಟ. ಹುಡುಗ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಸಾರ್. ಅಂಗಡಿಯವರು ಏಳು ದಿನದೊಳಗೆ ತಂದರೆ ಮಾತ್ರ ಬದಲಿಸಿ ಕೊಡ್ತಾರಂತೆ. ಆಗಲೇ ನಾಲ್ಕು ದಿನ ಆಯ್ತು," ಎಂದರು.

ನಾನು ಹೇಳಿದ್ದು ಇಷ್ಟು. ಹೊಸ ಕಾರ್ಡ್ ಸತ್ತೇ ಬರುವುದು ಅಪರೂಪ. ಕಪ್ಪು ಪರದೆಗೆ ಹೆಚ್ಚಿನ ಸಲ ಕಾರಣ ಒಂದು ಕೇಬಲ್ಲೋ, ಅರ್ಧ ಕೂತ ಪಿನ್ನೋ ಆಗಿರುತ್ತದೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ನಾವು ಲೆಡ್ಜರನ್ನೇ ಹೊಸದಾಗಿ ಬರೆಯುತ್ತಿರಲಿಲ್ಲ. ಮೊದಲು ಕೂಡಿದ್ದು ಸರಿಯೇ, ಆಮೇಲೆ ಹಿಂದಿನ ಪುಟದಿಂದ ತಂದ ಮೊತ್ತ ಸರಿಯೇ, ಕೊನೆಗೆ ಒಂದೊಂದೇ ವೋಚರ್. ಇಲ್ಲಿಯೂ ಅದೇ ಕ್ರಮ: ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಬ್ಯಾಂಕಿನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಪಾಸ್ ಮಾಡುತ್ತಿದ್ದ ಹಾಗೆ, ಮಕ್ಕಳು ಕೈ ಆಡಿಸಲಿ, ಹಿರಿಯರು ಪಟ್ಟಿ ಓದಿ ಪರಿಶೀಲಿಸಲಿ.

ಮುಟ್ಟುವ ಮೊದಲು: ಡಬ್ಬ ಬಿಚ್ಚುವ ಮುನ್ನ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ಕಂಪ್ಯೂಟರಿನ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ವಿದ್ಯುತ್ ಹೊರಟುಹೋಗಲಿ. ಕೈ ಒಣಗಿರಲಿ. ಡಬ್ಬದ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಥಿರ ವಿದ್ಯುತ್ ಕಾರ್ಡಿಗೆ ಹಾರಬಾರದು. ಇನ್ನೊಂದು ಮಾತು ಕಡ್ಡಾಯ: ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಪೆಟ್ಟಿಗೆಯನ್ನು ಯಾರೂ ಬಿಚ್ಚಬಾರದು. ಗೋಡೆಯಿಂದ ಬರುವ 230 ವೋಲ್ಟ್ ಅದರೊಳಗೆ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳು ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ ಹಿಡಿದಿಟ್ಟಿರಬಹುದು.

1. ಕೇಬಲ್ ಎಲ್ಲಿದೆ? ಡಬ್ಬದ ಹಿಂದೆ ನೋಡಿ. ಯುಎಸ್‌ಬಿ ತೂತುಗಳ ಪಕ್ಕದಲ್ಲಿ ಒಂದು ಎಚ್‌ಡಿಎಂಐ ಇರುತ್ತದೆ. ಅದು ಮದರ್‌ಬೋರ್ಡಿನದು. ಅದರ ಕೆಳಗೆ ಬೇರೆ ಸಾಲಿನಲ್ಲಿರುವುದು ಹೊಸ ಕಾರ್ಡಿನದು. ಮಾನಿಟರ್ ಕೇಬಲ್ ಹೊಸ ಕಾರ್ಡಿಗೇ ಬರಬೇಕು. ಕಾರ್ಡ್ ಹಾಕಿದ ಮೇಲೆ ಅನೇಕ ಮದರ್‌ಬೋರ್ಡುಗಳು ತಮ್ಮ ಹಳೆಯ ಬಾಗಿಲನ್ನು ತಾವೇ ಮುಚ್ಚಿಬಿಡುತ್ತವೆ. ಕೇಬಲ್ ಅಲ್ಲೇ ಇದ್ದರೆ ಮುಚ್ಚಿದ ಬಾಗಿಲ ಮುಂದೆ ಕಾದ ಹಾಗೆ. ಹೊಸ ಕಾರ್ಡಿನ ತೂತುಗಳಿಗೆ ಪ್ಲಾಸ್ಟಿಕ್ ಮುಚ್ಚಳವಿದ್ದರೆ ತೆಗೆಯಿರಿ.

2. ಮಾನಿಟರ್ ಎಲ್ಲಿ ನೋಡುತ್ತಿದೆ? ಮಾನಿಟರಿನ ಗುಂಡಿ ಒತ್ತಿ 'ಇನ್‌ಪುಟ್' ಅಥವಾ 'ಸೋರ್ಸ್' ತೆರೆಯಿರಿ. ಕೇಬಲ್ ಎಚ್‌ಡಿಎಂಐಗೆ ಹಾಕಿ, ಮಾನಿಟರ್ ಡಿಸ್‌ಪ್ಲೇಪೋರ್ಟ್ ಕಡೆ ಕಾಯುತ್ತಿದ್ದರೆ ಏನೂ ಕಾಣದು. ಸಾಧ್ಯವಾದರೆ ಬೇರೆ ಕೇಬಲ್, ಬೇರೆ ತೂತು ಹಾಕಿ ನೋಡಿ.

3. ಕಾರ್ಡಿಗೆ ಊಟ ಸಿಕ್ಕಿದೆಯೇ? ಕಾರ್ಡ್ ಕೂರುವ ಉದ್ದನೆಯ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವಾಟ್. ಸಣ್ಣ ಕಾರ್ಡುಗಳಿಗೆ ಅಷ್ಟು ಸಾಕು. ದೊಡ್ಡವಕ್ಕೆ ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್ ಬೇಕು. 6 ಪಿನ್ ಕನೆಕ್ಟರ್ ಇನ್ನೂ 75 ವಾಟ್ ಕೊಡುತ್ತದೆ, 8 ಪಿನ್ನಿನದು 150 ವಾಟ್. ಆರ್‌ಟಿಎಕ್ಸ್ 3060 ಕಾರ್ಡಿನ ಬಳಕೆ ಸುಮಾರು 170 ವಾಟ್. ಸ್ಲಾಟ್ ಒಂದರಿಂದಲೇ ಅದು ನಡೆಯದು. ಇಡೀ ಕಂಪ್ಯೂಟರಿಗೆ 550 ವಾಟಿನ ಎಸ್‌ಎಂಪಿಎಸ್ ಇರಲಿ ಎಂದು ಕಾರ್ಡ್ ಮಾಡಿದವರೇ ಹೇಳಿದ್ದಾರೆ.

ಇಲ್ಲಿಯೇ ಹಾಸನದ ಗುಟ್ಟು ಸಿಕ್ಕಿತು. ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಹುಡುಗ ಒಂದೊಂದೇ ಹೇಳುತ್ತಿದ್ದ. "ಪವರ್ ಕೇಬಲ್ ಹಾಕಿದೀನಿ ಸಾರ್." ಅಜ್ಜಿಗೆ ಎಣಿಸಲು ಹೇಳಿದೆ. ಕನ್ನಡಕ ಹಾಕಿಕೊಂಡು, ಟಾರ್ಚ್ ಹಿಡಿದು ಎಣಿಸಿದರು. "ಕಾರ್ಡಲ್ಲಿ ಎಂಟು ತೂತು. ಒಳಗೆ ಹೋಗಿರೋದು ಆರೇ. ಇನ್ನೆರಡು ಪಕ್ಕದಲ್ಲಿ ನೇತಾಡ್ತಿದೆಯಲ್ಲೋ ಮಗನೆ!" ಈ ಕೇಬಲ್ಲಿನ ತುದಿ 6 ಮತ್ತು 2 ಎಂದು ಎರಡು ತುಂಡಾಗಿ ಬರುತ್ತದೆ. ಎರಡನ್ನೂ ಜೋಡಿಸಿ ಒಟ್ಟಿಗೆ ಒತ್ತಬೇಕು. ಆ ಎರಡು ಪಿನ್ ಇಲ್ಲದಿದ್ದರೆ, ಬೇಕಾದಷ್ಟು ವಿದ್ಯುತ್ ಬಂದಿಲ್ಲ ಎಂದು ಕಾರ್ಡ್ ಏಳುವುದೇ ಇಲ್ಲ. ಜೋಡಿಸಿದರು. ಪರದೆ ಬಂತು. ಆಮೇಲೆ ಫೋನಿನಲ್ಲಿ ಕೇಳಿಸಿದ್ದು ಅಪ್ಪನ ದನಿ: "ಬಾ, ಮೊದಲು ಊಟ ಮಾಡು."

ಎರಡು ಎಚ್ಚರಿಕೆ. ಪ್ರೊಸೆಸರಿಗೆ ಹೋಗುವ 8 ಪಿನ್ ಕೇಬಲ್ 4 ಮತ್ತು 4 ಆಗಿ ಒಡೆಯುತ್ತದೆ. ಅದು ಕಾರ್ಡಿನದಲ್ಲ, ಬಲವಂತವಾಗಿ ತುರುಕಬೇಡಿ. ಕಳಚಿ ಜೋಡಿಸುವ ಕೇಬಲ್ಲುಗಳಿದ್ದರೆ ಒಂದು ಎಸ್‌ಎಂಪಿಎಸ್‌ನದನ್ನು ಇನ್ನೊಂದಕ್ಕೆ ಹಾಕಬೇಡಿ. ತುದಿ ಒಂದೇ ರೀತಿ ಕಂಡರೂ ಒಳಗಿನ ತಂತಿಯ ಕ್ರಮ ಬೇರೆ ಇರಬಹುದು, ಕಾರ್ಡ್ ಸುಟ್ಟುಹೋದೀತು.

4. ಸರಿಯಾಗಿ ಕೂತಿದೆಯೇ? ಪ್ಲಗ್ ಕಿತ್ತು, ಪವರ್ ಕೇಬಲ್ ಬಿಡಿಸಿ, ಸ್ಕ್ರೂ ಬಿಚ್ಚಿ, ಸ್ಲಾಟಿನ ತುದಿಯ ಚಿಲಕ ಒತ್ತಿ ಕಾರ್ಡ್ ಹೊರತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಬೆರಳಿನಿಂದ ಮುಟ್ಟಬೇಡಿ. ನೇರವಾಗಿ ಹಿಡಿದು, ಚಿಲಕ 'ಟಕ್' ಎನ್ನುವವರೆಗೆ ಸಮನಾಗಿ ಒತ್ತಿ. ಸ್ಕ್ರೂ ಹಾಕಿದಾಗ ಇನ್ನೊಂದು ತುದಿ ಎದ್ದಿಲ್ಲ ಎಂದು ನೋಡಿ.

5. ಕಾರ್ಡ್ ತೆಗೆದರೆ ಡಿಸ್‌ಪ್ಲೇ ಬರುತ್ತದೆಯೇ? ಕಾರ್ಡ್ ತೆಗೆದಿಟ್ಟು ಕೇಬಲ್ಲನ್ನು ಮದರ್‌ಬೋರ್ಡಿಗೆ ಹಾಕಿ. ಚಿತ್ರ ಬಂದರೆ ಉಳಿದ ಯಂತ್ರ ಚೆನ್ನಾಗಿದೆ ಎಂದರ್ಥ. ಬಾರದಿದ್ದರೆ ಗಾಬರಿ ಬೇಡ, ಮೊದಲು ಪ್ರೊಸೆಸರಿನ ಹೆಸರು ನೋಡಿ. ಇಂಟೆಲ್ ಐ5 12400ಎಫ್ ಎಂಬಂತೆ ಕೊನೆಗೆ 'ಎಫ್' ಇದ್ದರೆ ಅದರಲ್ಲಿ ಚಿತ್ರ ಕೊಡುವ ಭಾಗವೇ ಇಲ್ಲ. ಕಾರ್ಡ್ ಇಲ್ಲದೆ ಅದು ಎಂದೂ ಪರದೆ ತೋರದು. ಹಲವು ಮದರ್‌ಬೋರ್ಡುಗಳಲ್ಲಿ ನಾಲ್ಕು ಪುಟ್ಟ ದೀಪಗಳೂ ಇರುತ್ತವೆ. 'ವಿಜಿಎ' ಎಂದು ಬರೆದದ್ದು ಹತ್ತಿಯೇ ಇದ್ದರೆ ದೂರು ಕಾರ್ಡಿನ ಕಡೆಗೆ. 'ಡಿರ‍್ಯಾಮ್' ಎಂದಿದ್ದರೆ ಕಾರ್ಡ್ ಹಾಕುವಾಗ ಕೈ ತಗುಲಿ ಮೆಮೊರಿ ಪಟ್ಟಿ ಸಡಿಲವಾಗಿರಬಹುದು.

6. ಹಳೆಯ ನೆನಪು ಅಳಿಸಿ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಸಿಆರ್2032 ಎಂಬ 3 ವೋಲ್ಟ್ ಬ್ಯಾಟರಿ ಇದೆ. ಪ್ಲಗ್ ಕಿತ್ತು, ಅದನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಹಳೆಯ ಸೆಟ್ಟಿಂಗುಗಳು ಅಳಿಸಿ ಮೊದಲಿನಂತಾಗುತ್ತವೆ. ಗಡಿಯಾರ ಹಿಂದೆ ಹೋದರೆ ಸರಿಮಾಡಿಕೊಳ್ಳಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ಆ ಬ್ಯಾಟರಿ ಕೈಗೆ ಸಿಗದಂತೆ ಇಡಿ. ನುಂಗಿದರೆ ಬಹಳ ಅಪಾಯ.

ಇಷ್ಟಾದರೂ ಕಪ್ಪೇ ಇದ್ದರೆ ಅಂಗಡಿಗೆ ಹೊರಡಿ. ಹಳೆಯ ಮದರ್‌ಬೋರ್ಡ್, ಹೊಸ ಕಾರ್ಡ್ ಎಂದಾದರೆ ಬಯಾಸ್ ಅಪ್‌ಡೇಟ್ ಬೇಕಾಗಬಹುದು. ಅದನ್ನು ತಿಳಿದವರಿಗೆ ಬಿಡಿ. ಕಾರ್ಡನ್ನು ನಿಮ್ಮೆದುರೇ ಬೇರೊಂದು ಕಂಪ್ಯೂಟರಿಗೆ ಹಾಕಿ ತೋರಿಸಲು ಕೇಳಿ. ಅಲ್ಲಿಯೂ ಬಾರದಿದ್ದರೆ ಮಾತ್ರ ಕಾರ್ಡಿನ ತಪ್ಪು. ಬಿಲ್, ಪೆಟ್ಟಿಗೆ, ಸೀರಿಯಲ್ ನಂಬರಿನ ಚೀಟಿ, ಮತ್ತು ಮನೆಯಲ್ಲಿ ಏನೇನು ಮಾಡಿ ನೋಡಿದಿರಿ ಎಂದು ಬರೆದ ಹಾಳೆ ಜೊತೆಗಿರಲಿ. ಬರೆದು ತಂದವರಿಗೆ ಯಾರೂ ಸುಮ್ಮನೆ ಸಾಗಹಾಕುವ ಉತ್ತರ ಕೊಡಲಾರರು.

ಒಂದು ವ್ಯತ್ಯಾಸ ನೆನಪಿಡಿ. ಶುರುವಿನಲ್ಲಿ ಕಂಪನಿಯ ಲಾಂಛನ ಕಂಡು, ವಿಂಡೋಸ್ ಬರುವ ಹೊತ್ತಿಗೆ ಕಪ್ಪಾದರೆ ಅದು ಬೇರೆ ಕಾಯಿಲೆ. ಅಲ್ಲಿ ಸಾಮಾನ್ಯವಾಗಿ ಸರಿಮಾಡಬೇಕಾದದ್ದು ಡ್ರೈವರ್ ಎಂಬ ತಂತ್ರಾಂಶ, ಸ್ಕ್ರೂಡ್ರೈವರಿಗೆ ಕೆಲಸವಿಲ್ಲ.

ಮಕ್ಕಳೇ, ಈ ವಾರದ ಕೆಲಸ: ನಿಮ್ಮ ಕಂಪ್ಯೂಟರಿನ ಹಿಂಭಾಗದ ಚಿತ್ರ ಬರೆದು, ಯಾವ ತೂತಿಗೆ ಯಾವ ಕೇಬಲ್ ಎಂದು ಗುರುತಿಸಿ. ಅಜ್ಜ ಅಥವಾ ಅಜ್ಜಿಯಿಂದ ಪರಿಶೀಲಿಸಿ ಸಹಿ ಹಾಕಿಸಿಕೊಳ್ಳಿ. ಎಣಿಸದೆ ಸಹಿ ಹಾಕಬೇಡಿ, ಹಿರಿಯರೇ!