ಬೆಟ್ಟದ ಸೈಕಲ್ಲಿಗೆ ವಿದ್ಯುತ್ತಿನ ನೆರವು ಎಷ್ಟು?

ಯೂರೋಪು ಅಮೆರಿಕಗಳ ಸೈಕಲ್ ತಯಾರಕರಲ್ಲಿ ಕೆಲವು ವರ್ಷಗಳಿಂದ ನಡೆದುಬಂದ ವಿವಾದವೊಂದು ಈಗ ಶಾಸನಕರ್ತರ ಬಾಗಿಲಿಗೆ ಬಂದು ನಿಂತಿದೆ. ಬೆಟ್ಟಗುಡ್ಡಗಳ ಕಾಲುದಾರಿಯಲ್ಲಿ ಓಡತಕ್ಕ ಸೈಕಲ್ಲಿಗೆ ಮೋಟಾರಿನ ಸಹಾಯವು ಎಷ್ಟಿದ್ದರೆ ಅದು ಸೈಕಲ್ಲಾಗಿಯೇ ಉಳಿಯುವುದು, ಎಷ್ಟು ಮೀರಿದರೆ ಮೋಟಾರು ವಾಹನವೆನ್ನಿಸಿಕೊಳ್ಳುವುದು ಎಂಬುದೇ ಆ ವಿವಾದ. ಇದು ಹಣವಂತರ ವಿನೋದಕ್ಕೆ ಸಂಬಂಧಪಟ್ಟ ವಿಷಯ, ಇದರಿಂದ ನಮಗೇನು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಲೈಸೆನ್ಸು, ರಿಜಿಸ್ಟ್ರೇಷನ್, ತೆರಿಗೆ, ವಿಮೆ ಇವು ಯಾವುವೂ ಇಲ್ಲದೆ ಬಡವನೂ ಏರಬಹುದಾದ ವಾಹನವು ಸೈಕಲ್ಲು. ಆ ಸ್ವಾತಂತ್ರ್ಯದ ಎಲ್ಲೆಯನ್ನು ಎಲ್ಲಿ ಗುರುತಿಸಬೇಕೆಂಬ ಚರ್ಚೆಯು ಇಂದು ದುಬಾರಿಯಾದ ಬೆಟ್ಟದ ಸೈಕಲ್ಲುಗಳ ನಿಮಿತ್ತದಿಂದ ನಡೆಯುತ್ತಿದೆ. ನಾಳೆ ಅದೇ ಎಲ್ಲೆಯು ಹಾಲಿನವನ ಸೈಕಲ್ಲಿಗೂ ಗುಮಾಸ್ತನ ಸೈಕಲ್ಲಿಗೂ ಅನ್ವಯಿಸಬಹುದು. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ವಿಮರ್ಶಿಸುವುದು ಅವಶ್ಯವೆಂದು ಭಾವಿಸಿದ್ದೇವೆ.

ಬೆಟ್ಟದ ಸೈಕಲ್ಲಿನ ಹುಟ್ಟೂರು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ. 1976ರಲ್ಲಿ ಅಲ್ಲಿನ ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ತಳ್ಳಿಕೊಂಡೋ ಲಾರಿಯಲ್ಲಿ ಹೇರಿಕೊಂಡೋ ಹೋಗಿ, ಮಣ್ಣಿನ ದಾರಿಯಲ್ಲಿ ಕೆಳಕ್ಕೆ ಓಡಿಸುವ ಪಂದ್ಯವನ್ನು ಆರಂಭಿಸಿದರು. ಬ್ರೇಕಿನ ಗ್ರೀಸು ಸುಟ್ಟುಹೋಗಿ ಪ್ರತಿಸಲವೂ ಹೊಸದಾಗಿ ತುಂಬಬೇಕಾಗುತ್ತಿದ್ದುದರಿಂದ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರಾಯಿತು. 1981ರಲ್ಲಿ ಸ್ಪೆಷಲೈಸ್ಡ್ ಕಂಪೆನಿಯವರು ‘ಸ್ಟಂಪ್‌ಜಂಪರ್’ ಎಂಬ ಗಾಡಿಯನ್ನು ಕಾರ್ಖಾನೆಯಲ್ಲಿ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿ ಮಾರಿದಮೇಲೆ ಈ ಹವ್ಯಾಸವು ಲೋಕಕ್ಕೆಲ್ಲ ಹರಡಿತು. ಇಳಿಯುವುದರಲ್ಲಿ ಸಂತೋಷ, ಏರುವುದರಲ್ಲಿ ಶ್ರಮ ಎಂಬುದು ಮೊದಲಿನಿಂದಲೂ ಈ ಆಟದ ಲಕ್ಷಣ. ಏರುವ ಶ್ರಮವನ್ನು ಮೋಟಾರಿಗೆ ಒಪ್ಪಿಸುವ ಯೋಚನೆಯು ಬಂದದ್ದು ಸಹಜವೇ ಸರಿ.

ಮೊದಲು ಬಂದ ವಿದ್ಯುತ್ ಗಾಡಿಗಳು ಬಲಿಷ್ಠವಾಗಿದ್ದುವು. ಆದರೆ 22ರಿಂದ 25 ಕಿಲೋಗ್ರಾಂ ತೂಗುತ್ತಿದ್ದುವು. ಮೋಟಾರಿಲ್ಲದ ಒಳ್ಳೆಯ ಸೈಕಲ್ಲಿನ ತೂಕ 13ರಿಂದ 15 ಕಿಲೋಗ್ರಾಂ ಇರುವಾಗ ಈ ಹೆಚ್ಚಳವು ಸಣ್ಣದಲ್ಲ. 2020ರಲ್ಲಿ ಹೊಸ ಪಂಥವೊಂದು ತಲೆಯೆತ್ತಿತು. ಸ್ಪೆಷಲೈಸ್ಡಿನವರ ‘ಲೆವೋ ಎಸ್‌ಎಲ್’ ಗಾಡಿಯಲ್ಲಿ ಕೇವಲ 35 ನ್ಯೂಟನ್ ಮೀಟರ್ ತಿರುಗುಬಲದ ಮೋಟಾರು, 320 ವಾಟ್-ಗಂಟೆಯ ಬ್ಯಾಟರಿ. ಅದೇ ವರ್ಷ ಸ್ಪೇನ್ ದೇಶದ ಆರ್ಬಿಯಾದವರು ‘ರೈಸ್’ ಎಂಬುದನ್ನು ತಂದರು. ಅವರು ಬಳಸಿದ ಶಿಮಾನೋ ಮೋಟಾರಿಗೆ 85 ನ್ಯೂಟನ್ ಮೀಟರ್ ಸಾಮರ್ಥ್ಯವಿದ್ದರೂ ಬುದ್ಧಿಪೂರ್ವಕವಾಗಿ ಅದನ್ನು 60ಕ್ಕೆ ಇಳಿಸಿ, 360 ವಾಟ್-ಗಂಟೆಯ ಸಣ್ಣ ಬ್ಯಾಟರಿಯನ್ನು ಜೋಡಿಸಿದ್ದರು. 2022ರಲ್ಲಿ ಅಮೆರಿಕದ ಟ್ರೆಕ್ ಕಂಪೆನಿಯ ‘ಫ್ಯೂಯೆಲ್ ಇಎಕ್ಸ್‌ಇ’ ಬಂದಿತು. ಅದರಲ್ಲಿದ್ದ ಜರ್ಮನಿಯ ಟಿಕ್ಯೂ ಮೋಟಾರಿನ ತೂಕ ಎರಡು ಕಿಲೋಗ್ರಾಮಿಗೂ ಕಡಮೆ, ಬಲ 50 ನ್ಯೂಟನ್ ಮೀಟರ್, ಸದ್ದು ಅತ್ಯಲ್ಪ. 2023ರಲ್ಲಿ ಬಾಷ್ ಕಂಪೆನಿಯವರೂ 55 ನ್ಯೂಟನ್ ಮೀಟರಿನ ‘ಎಸ್‌ಎಕ್ಸ್’ ಮೋಟಾರಿನೊಡನೆ ಇದೇ ಪಂಕ್ತಿಗೆ ಸೇರಿದರು. ಇಂತಹ ಗಾಡಿಗಳು ಸುಮಾರು 16ರಿಂದ 19 ಕಿಲೋಗ್ರಾಂ ತೂಗುವುವು. ತುಳಿಯುವವನೇ ಮುಖ್ಯ, ಮೋಟಾರು ಸಹಾಯಕ ಮಾತ್ರ ಎಂಬುದು ಈ ಪಂಥದ ತತ್ವ.

ಈಗ ಹೋಲಿಕೆಗೆ ಬರೋಣ. ಹಗುರವಾದ ಗಾಡಿಯು ಬೆಟ್ಟವನ್ನು ಸುಲಭವಾಗಿ ಏರುವುದೆಂದು ಅಂಗಡಿಯವರು ಹೇಳುವುದುಂಟು. ಲೆಕ್ಕವು ಈ ಮಾತಿಗೆ ಅಷ್ಟಾಗಿ ಸಾಕ್ಷಿ ನುಡಿಯುವುದಿಲ್ಲ. 75 ಕಿಲೋಗ್ರಾಂ ತೂಕದ ಮನುಷ್ಯನು 18 ಕಿಲೋಗ್ರಾಮಿನ ಸೈಕಲ್ಲಿನೊಡನೆ ಸಾವಿರ ಮೀಟರ್ ಎತ್ತರಕ್ಕೆ ಏರಲು, ನೆಲದ ತಡೆಯನ್ನು ಬಿಟ್ಟು, ಸುಮಾರು 253 ವಾಟ್-ಗಂಟೆಯ ಶಕ್ತಿ ಬೇಕು. ಸೈಕಲ್ಲು 23 ಕಿಲೋಗ್ರಾಂ ಇದ್ದರೆ 267 ವಾಟ್-ಗಂಟೆ ಬೇಕಾಗುವುದು. ವ್ಯತ್ಯಾಸವು 14 ವಾಟ್-ಗಂಟೆ ಮಾತ್ರ. ದೊಡ್ಡ ಬ್ಯಾಟರಿಯು ತನ್ನ ಹೆಚ್ಚಿನ ತೂಕದ ಬಾಡಿಗೆಯನ್ನು ತಾನೇ ತೆತ್ತು, ಇನ್ನೂ ಬೇಕಾದಷ್ಟನ್ನು ಉಳಿಸಿಕೊಳ್ಳುವುದು. ಹತ್ತುವುದೊಂದೇ ಗುರಿಯಾದರೆ ಭಾರವಾದ ಬಲಿಷ್ಠ ಗಾಡಿಯೇ ಮೇಲೆಂದು ಒಪ್ಪಬೇಕು.

ಹಗುರದ ಪ್ರಯೋಜನವು ಬೇರೆಡೆಯಲ್ಲಿದೆ. ಇಳಿಜಾರಿನಲ್ಲಿ ಗಾಡಿಯನ್ನು ಥಟ್ಟನೆ ಹೊರಳಿಸುವಾಗ, ಬ್ರೇಕು ಹಿಡಿದು ನಿಲ್ಲಿಸುವಾಗ, ಬಿದ್ದ ಮರವನ್ನೋ ಬೇಲಿಯನ್ನೋ ದಾಟಿಸಲು ಎತ್ತುವಾಗ, ಮಹಡಿಯ ಮೆಟ್ಟಲುಗಳ ಮೇಲೆ ಹೊತ್ತುಕೊಂಡು ಹೋಗುವಾಗ ಐದು ಕಿಲೋಗ್ರಾಮಿನ ಬೆಲೆ ಗೊತ್ತಾಗುವುದು. ಬ್ಯಾಟರಿಯು ಬರಿದಾದಮೇಲೆ ಮನೆಗೆ ತುಳಿದುಕೊಂಡು ಬರಬೇಕಾದವನಿಗಂತೂ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಯೂರೋಪಿನಲ್ಲಿ ವೇಗವು ಗಂಟೆಗೆ 25 ಕಿಲೋಮೀಟರನ್ನು ತಲಪುವುದರೊಳಗಾಗಿ ಮೋಟಾರಿನ ಸಹಾಯವು ನಿಲ್ಲತಕ್ಕದ್ದೆಂದು ವಿಧಿಯಿದೆ. ಆ ವೇಗದ ಮೇಲೆ ಉಳಿಯುವುದು ಕಾಲಿನ ಬಲವೊಂದೇ. ಸಪಾಟಾದ ದಾರಿಯಲ್ಲಿ ಹೆಚ್ಚು ದೂರ ಹೋಗತಕ್ಕವನಿಗೆ ಹಗುರವಾದ ಗಾಡಿಯೇ ಅನುಕೂಲ.

ಸಣ್ಣ ಬ್ಯಾಟರಿಯಿಂದ ಎಷ್ಟು ಏರಬಹುದೆಂಬುದನ್ನೂ ಅಂದಾಜು ಮಾಡಬಹುದು. 360 ವಾಟ್-ಗಂಟೆಯಲ್ಲಿ ಐದನೆಯ ಒಂದು ಪಾಲು ನಷ್ಟವಾದರೆ ಚಕ್ರಕ್ಕೆ 290ರಷ್ಟು ಸಿಕ್ಕುವುದು. ಸಾಮಾನ್ಯ ಆರೋಗ್ಯವಂತನು 100 ವಾಟ್ ಬಲದಿಂದ ಎರಡು ಗಂಟೆ ತುಳಿದರೆ ಇನ್ನೊಂದು 200 ಕೂಡುವುದು. ಮಣ್ಣು, ಕಲ್ಲು, ಗಾಳಿಗಳು ತಮ್ಮ ಪಾಲನ್ನು ಸೆಳೆದುಕೊಂಡಮೇಲೂ ಸಾವಿರದ ಮೇಲೆ ಕೆಲವು ನೂರು ಮೀಟರುಗಳ ಏರಿಕೆಯು ಸಾಧ್ಯವಾಗುವುದು. ತುಳಿಯಲು ಮನಸ್ಸಿದ್ದವನಿಗೆ ಇಷ್ಟು ಸಾಕು. ತುಳಿಯಲು ಮನಸ್ಸಿಲ್ಲದವನಿಗೆ ಎಷ್ಟಿದ್ದರೂ ಸಾಲದು. ಇದಕ್ಕೆ ತಗಲುವ ವಿದ್ಯುತ್ತು ಅರ್ಧ ಯೂನಿಟ್ಟಿಗಿಂತ ಕಡಮೆಯಾದುದರಿಂದ ದಿನದ ಖರ್ಚನ್ನು ಲೆಕ್ಕಿಸಬೇಕಾಗಿಯೇ ಇಲ್ಲ. ವಿಮಾನದಲ್ಲಿ ಪ್ರಯಾಣ ಮಾಡತಕ್ಕವರು ಮಾತ್ರ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. 160 ವಾಟ್-ಗಂಟೆಗಿಂತ ದೊಡ್ಡ ಲಿಥಿಯಂ ಬ್ಯಾಟರಿಗಳನ್ನು ಪ್ರಯಾಣಿಕರು ಸಾಮಾನಿನ ಜೊತೆಗೆ ಒಯ್ಯುವಂತಿಲ್ಲ. ಬಾಟಲಿಯಂತೆ ಹೊರಗೆ ಸಿಕ್ಕಿಸುವ ಕೆಲವು ಉಪಬ್ಯಾಟರಿಗಳು ಸರಿಯಾಗಿ 160 ವಾಟ್-ಗಂಟೆಯವಾಗಿರುವುದು ಗಮನಿಸತಕ್ಕದ್ದು.

ಹೀಗೆ ಹಗುರದ ಪಂಥವೂ ಬಲದ ಪಂಥವೂ ತಮ್ಮತಮ್ಮ ದಾರಿಯಲ್ಲಿ ನಡೆದಿರುವಾಗ 2024ರಲ್ಲಿ ಚೀನಾ ದೇಶದಿಂದ ಹೊಸ ಸ್ಪರ್ಧಿಯು ಬಂದಿತು. ಹಾರುವ ಕ್ಯಾಮರಾಗಳಿಗೆ ಹೆಸರಾದ ಡಿಜೆಐ ಕಂಪೆನಿಯವರು ‘ಅವಿನಾಕ್ಸ್’ ಎಂಬ ಮೋಟಾರನ್ನೂ, ಅದನ್ನು ಅಳವಡಿಸಿದ ‘ಆಮ್‌ಫ್ಲೋ’ ಸೈಕಲ್ಲನ್ನೂ ಪ್ರಕಟಿಸಿದರು. ಮೋಟಾರಿನ ತೂಕ ಸುಮಾರು ಎರಡೂವರೆ ಕಿಲೋಗ್ರಾಂ. ಬಲ 105 ನ್ಯೂಟನ್ ಮೀಟರ್, ಸ್ವಲ್ಪ ಹೊತ್ತಿಗೆ 120. ಗರಿಷ್ಠ ಶಕ್ತಿ 1000 ವಾಟ್. ಇಷ್ಟಿದ್ದರೂ 600 ವಾಟ್-ಗಂಟೆಯ ಬ್ಯಾಟರಿಯೊಡನೆ ಉತ್ತಮ ದರ್ಜೆಯ ಗಾಡಿಯು 19 ಕಿಲೋಗ್ರಾಮಿನ ಆಸುಪಾಸಿನಲ್ಲಿಯೇ ನಿಂತಿತು. ಬಲ ಬೇಕಾದರೆ ಭಾರವನ್ನು ಹೊರಬೇಕು, ಹಗುರ ಬೇಕಾದರೆ ಬಲವನ್ನು ಬಿಡಬೇಕು ಎಂಬ ಹಳೆಯ ಒಪ್ಪಂದವು ಇದರಿಂದ ಮುರಿದುಬಿದ್ದಿತು. ಅದೇ ವರ್ಷದ ಹೊಸ ‘ರೈಸ್’ ಗಾಡಿಯಲ್ಲಿ ಆರ್ಬಿಯಾದವರೂ ತಾವು ಹಿಂದೆ ಬಿಗಿಹಿಡಿದಿದ್ದ ಮೋಟಾರನ್ನು 85 ನ್ಯೂಟನ್ ಮೀಟರಿನವರೆಗೂ ಬಿಟ್ಟುಕೊಟ್ಟರು. ಮಿತವೇ ಹಿತವೆಂದು ಸಾರಿದ್ದವರು ನಾಲ್ಕೇ ವರ್ಷಗಳಲ್ಲಿ ಪೈಪೋಟಿಗೆ ಇಳಿದುದನ್ನು ನೋಡಿದರೆ ವ್ಯಾಪಾರದಲ್ಲಿ ಸಂಯಮವು ಎಷ್ಟು ದಿನದ ಅತಿಥಿಯೆಂಬುದು ತಿಳಿಯುವುದು.

ಕಾನೂನಿನ ತೊಡಕು ಹುಟ್ಟುವುದು ಇಲ್ಲಿಯೇ. ಯೂರೋಪಿಯನ್ ಒಕ್ಕೂಟದ 2013ರ 168ನೆಯ ನಿಬಂಧನೆಯು ಸೈಕಲ್ಲಿನ ಸಹಾಯಕ ಮೋಟಾರಿಗೆ 250 ವಾಟಿನ ಮಿತಿಯನ್ನು ಹಾಕಿದೆ. ಆದರೆ ಈ ಮಿತಿಯು ಸತತವಾಗಿ ನೀಡಬಲ್ಲ ಶಕ್ತಿಗೆ ಸಂಬಂಧಪಟ್ಟದ್ದೇ ಹೊರತು ಗರಿಷ್ಠ ಶಕ್ತಿಗೆ ಸಂಬಂಧಪಟ್ಟದ್ದಲ್ಲ. ಆದಕಾರಣ ಗರಿಷ್ಠ 300 ವಾಟಿನ ಟಿಕ್ಯೂ ಮೋಟಾರಿಗೂ, 600 ವಾಟಿನ ಬಾಷ್ ಎಸ್‌ಎಕ್ಸ್ ಮೋಟಾರಿಗೂ, 1000 ವಾಟಿನ ಅವಿನಾಕ್ಸಿಗೂ ಕಾಗದದ ಮೇಲೆ ಒಂದೇ 250ರ ಮುದ್ರೆ! ಮೂರು ಪಟ್ಟಿಗೂ ಮೀರಿದ ವ್ಯತ್ಯಾಸವನ್ನು ಕಾಣಲಾರದ ಅಳತೆಗೋಲು ಅಳತೆಗೋಲೆನ್ನಿಸಿಕೊಳ್ಳುವುದಿಲ್ಲ. 2025ರಲ್ಲಿ ಜರ್ಮನಿಯ ಸೈಕಲ್ ಉದ್ಯಮ ಸಂಘದವರು ಗರಿಷ್ಠ ಶಕ್ತಿಯನ್ನು 750 ವಾಟಿಗೆ ಮಿತಗೊಳಿಸಬೇಕೆಂದೂ, ಸವಾರನ ಬಲಕ್ಕೆ ಸಾಮಾನ್ಯವಾಗಿ ನಾಲ್ಕು ಪಟ್ಟಿಗಿಂತ ಹೆಚ್ಚು ಸಹಾಯವಿರಬಾರದೆಂದೂ ಸೂಚಿಸಿದರು. ಹೊಸ ಸ್ಪರ್ಧಿಯನ್ನು ಹೊರಗಿಡಲು ಹಳೆಯ ಮನೆತನಗಳು ಹೂಡಿದ ತಂತ್ರವಿದೆಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪಣೆಯಲ್ಲಿ ನಿಜಾಂಶವಿದ್ದರೂ ಇರಬಹುದು. ಆದರೆ ಸಲಹೆಯನ್ನು ಕೊಟ್ಟವನ ಸ್ವಾರ್ಥದಿಂದ ಮಾತ್ರವೇ ಸಲಹೆಯು ಕೆಟ್ಟದ್ದಾಗುವುದಿಲ್ಲ. ಮಿತಿಯನ್ನು ಉದ್ಯಮದವರೇ ಹಾಕಿಕೊಳ್ಳದಿದ್ದರೆ ಸರಕಾರವು ಒಂದುದಿನ ಎಲ್ಲ ವಿದ್ಯುತ್ ಸೈಕಲ್ಲುಗಳನ್ನೂ ಮೋಟಾರು ವಾಹನಗಳ ಪಟ್ಟಿಗೆ ತಳ್ಳಿಬಿಡುವ ಭಯವಿದೆ. ಹಾಗಾದಲ್ಲಿ ಸಾವಿರ ವಾಟಿನ ಕೆಲವರ ಸಂತೋಷಕ್ಕಾಗಿ ಮುನ್ನೂರು ವಾಟಿನ ಅನೇಕರು ದಂಡ ತೆರಬೇಕಾಗುವುದು.

ಇದು ಕೇವಲ ಊಹೆಯೆಂದು ಯಾರೂ ತಿಳಿಯಬಾರದು. ಅಮೆರಿಕದಲ್ಲಿ 2019ರಲ್ಲಿ ಒಳಾಡಳಿತ ಇಲಾಖೆಯವರು ತಮ್ಮ ಅಧೀನದ ಭೂಮಿಗಳಲ್ಲಿ ವಿದ್ಯುತ್ ಸೈಕಲ್ಲುಗಳನ್ನು ಬಿಡುವುದಕ್ಕೆ ಅನುಕೂಲವಾದ ಆಜ್ಞೆಯನ್ನು ಹೊರಡಿಸಿದರು. ಅದೇ ಕೇಂದ್ರ ಸರಕಾರದ ಅರಣ್ಯ ಸೇವಾ ಇಲಾಖೆಯವರಾದರೋ ಇವುಗಳನ್ನು ಮೋಟಾರು ವಾಹನಗಳೆಂದೇ ಎಣಿಸುತ್ತ ಬಂದಿದ್ದಾರೆ. ಒಂದು ಬೇಲಿಯ ಈಚೆಗೆ ಸೈಕಲ್ಲು, ಆಚೆಗೆ ಮೋಟಾರು! ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರೂ ಗಾಡಿಯನ್ನು ಕೊಳ್ಳುವುದಕ್ಕೆ ಮುಂಚೆ ತಮ್ಮ ಊರಿನ ದಾರಿಗಳಲ್ಲಿ ಯಾವ ನಿಯಮವು ನಡೆಯುತ್ತಿದೆಯೆಂದು ವಿಚಾರಿಸುವುದು ಮೇಲು.

ಇದಕ್ಕಿಂತಲೂ ಗುರುತರವಾದ ಪ್ರಶ್ನೆ ಒಡೆತನದ್ದು. ಸಾಧಾರಣ ಸೈಕಲ್ಲು ಕೆಟ್ಟರೆ ಬೀದಿಯ ಕೊನೆಯ ರಿಪೇರಿಯವನು ಸರಿಮಾಡಿಕೊಡುವನು. ಗಾಡಿಯನ್ನು ಹಗುರ ಮಾಡುವ ಸಲುವಾಗಿ ಬ್ಯಾಟರಿಯನ್ನು ಫ್ರೇಮಿನ ಕೊಳವೆಯೊಳಗೇ ಹುದುಗಿಸುವುದು ಈ ವರ್ಗದಲ್ಲಿ ಸಾಮಾನ್ಯ. ಅದನ್ನು ಹೊರತೆಗೆಯಲು ಕೆಲವೆಡೆ ಮೋಟಾರನ್ನೇ ಬಿಚ್ಚಬೇಕು. ಬ್ಯಾಟರಿಯ ಆಯುಸ್ಸು ಫ್ರೇಮಿನ ಆಯುಸ್ಸಿಗಿಂತ ಕಡಮೆ. ಹತ್ತು ಸಾವಿರ ಡಾಲರುಗಳನ್ನು ಮೀರುವ ಗಾಡಿಗಳಿರುವ ಈ ಪೇಟೆಯಲ್ಲಿ, ಕೆಲವು ವರ್ಷಗಳ ನಂತರ ಹೊಸ ಬ್ಯಾಟರಿಯು ಸಿಕ್ಕದಿದ್ದರೆ ಮಾಲಿಕನ ಕೈಯಲ್ಲಿ ಉಳಿಯುವುದೇನು? 2023ರ ಜುಲೈಯಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್‌ಮೂಫ್ ಎಂಬ ವಿದ್ಯುತ್ ಸೈಕಲ್ ಕಂಪೆನಿಯು ದಿವಾಳಿಯಾಯಿತು. ಅವು ಪಟ್ಟಣದ ಸೈಕಲ್ಲುಗಳೇ ಆದರೂ ಪಾಠವು ಎಲ್ಲರಿಗೂ ಒಂದೇ. ಕಂಪೆನಿಯ ಯಂತ್ರಗಳು ನಿಂತುಹೋದರೆ ಮೊಬೈಲಿನಿಂದ ತೆರೆಯತಕ್ಕ ತಮ್ಮ ಗಾಡಿಯ ಬೀಗವೇ ತೆರೆಯದೇ ಹೋಗಬಹುದೆಂದು ಮಾಲಿಕರು ಹೆದರಿದರು. ಬೇರೆ ಕಂಪೆನಿಯು ಅದನ್ನು ಕೊಂಡದ್ದರಿಂದ ವ್ಯಾಪಾರವು ಮುಂದುವರಿಯಿತು. ಆದರೆ ಹಣ ಕೊಟ್ಟು ಕೊಂಡವನು ಇನ್ನೊಬ್ಬರ ದಯೆಯಿಂದ ತನ್ನ ಸೊತ್ತನ್ನು ಅನುಭವಿಸುವುದು ಒಡೆತನವಲ್ಲ.

ಈ ವಿಷಯದಲ್ಲಿ ಯೂರೋಪಿನವರು ಕೈಕೊಂಡಿರುವ ಕ್ರಮವು ಶ್ಲಾಘ್ಯವಾದುದು. ಅವರ 2023ರ ಬ್ಯಾಟರಿ ನಿಬಂಧನೆಯ ಪ್ರಕಾರ, 2027ರ ಫೆಬ್ರವರಿ 18ರಿಂದ ಜಾರಿಗೆ ಬರುವಂತೆ, ಇಂತಹ ಹಗುರ ವಾಹನಗಳ ಬ್ಯಾಟರಿಯನ್ನೂ ಅದರೊಳಗಿನ ಕೋಶಗಳನ್ನೂ ಕಂಪೆನಿಗೆ ಸೇರದ ಸ್ವತಂತ್ರ ರಿಪೇರಿಗಾರನೂ ತೆಗೆದು ಬದಲಾಯಿಸಲು ಸಾಧ್ಯವಾಗಿರಬೇಕು. ಆ ಮಾದರಿಯ ಕೊನೆಯ ಗಾಡಿಯು ಪೇಟೆಗೆ ಬಂದ ಐದು ವರ್ಷಗಳವರೆಗಾದರೂ ಬ್ಯಾಟರಿಯು ಬಿಡಿಭಾಗವಾಗಿ ದೊರೆಯಬೇಕು. ಐದು ವರ್ಷ ಸಾಲದೆಂದು ನಮ್ಮ ಅಭಿಪ್ರಾಯ. ಆದರೂ ಆರಂಭವು ಸರಿಯಾದ ದಿಕ್ಕಿನಲ್ಲಿದೆ.

ನಮ್ಮ ದೇಶದ ಸ್ಥಿತಿಯೇನು? ಕೇಂದ್ರ ಮೋಟಾರು ವಾಹನ ನಿಯಮಗಳು ಮೂವತ್ತು ನಿಮಿಷದ ಶಕ್ತಿಯು 250 ವಾಟಿಗಿಂತಲೂ ವೇಗವು ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಮೆಯಾಗಿ, ಬ್ಯಾಟರಿಯನ್ನು ಬಿಟ್ಟು ತೂಕವು 60 ಕಿಲೋಗ್ರಾಂ ಮೀರದಿರುವ ವಿದ್ಯುತ್ ಸೈಕಲ್ಲನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಯೂರೋಪಿನ ಅಳತೆಗೋಲಿನಲ್ಲಿರುವ ಬಿರುಕು ಇದರಲ್ಲಿಯೂ ಇದೆ. ಗರಿಷ್ಠ ಶಕ್ತಿಯ ಮಾತು ಇಲ್ಲ. ಮೇಲೆ ಹೇಳಿದ ಹಗುರ ಗಾಡಿಗಳು ನಂದಿಬೆಟ್ಟದ ದಾರಿಯಲ್ಲಿ ವಿರಳ. ಆದರೆ ಸಾಧಾರಣ ವಿದ್ಯುತ್ ಸೈಕಲ್ಲುಗಳು ನಮ್ಮ ಪಟ್ಟಣಗಳಲ್ಲಿ ಈಗಾಗಲೇ ಓಡುತ್ತಿವೆ. ಲೂಧಿಯಾನದಂತಹ ಸೈಕಲ್ ಕೈಗಾರಿಕೆಯ ಕೇಂದ್ರವೂ ನಮಗಿದೆ. ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರ ಸರಕಾರದವರು 2022ರಲ್ಲಿ ಸಮಿತಿಯೊಂದನ್ನು ನೇಮಿಸಿದ್ದರು. ಬ್ಯಾಟರಿಯನ್ನು ಸುಲಭವಾಗಿ ಬಿಚ್ಚುವಂತಿರಬೇಕು, ಬಿಡಿಭಾಗವು ಬಹುಕಾಲ ದೊರೆಯಬೇಕು ಎಂಬ ನಿಯಮವನ್ನು ಪೇಟೆಯು ಚಿಕ್ಕದಾಗಿರುವಾಗಲೇ ವಿಧಿಸುವುದು ಸುಲಭ. ಲಕ್ಷಗಟ್ಟಲೆ ಗಾಡಿಗಳು ಬಂದಮೇಲೆ ಕಷ್ಟ.

ಕೊಳ್ಳತಕ್ಕವರಿಗೆ ನಾವು ಹೇಳುವುದಿಷ್ಟೇ. ಮೋಟಾರಿನ ಬಲದ ಅಂಕಿಗಳಿಗೆ ಮರುಳಾಗಬಾರದು. ತಾವು ಏರುವ ಬೆಟ್ಟವೆಷ್ಟು, ತುಳಿಯುವ ಶಕ್ತಿಯೆಷ್ಟು, ಗಾಡಿಯನ್ನು ಎತ್ತಬೇಕಾದ ಸಂದರ್ಭಗಳೆಷ್ಟು ಎಂಬುದನ್ನು ಮೊದಲು ಲೆಕ್ಕಹಾಕಬೇಕು. ಆಮೇಲೆ ಅಂಗಡಿಯವನನ್ನು ಮೂರು ಪ್ರಶ್ನೆ ಕೇಳಬೇಕು: ಬ್ಯಾಟರಿಯನ್ನು ಯಾರು ಬಿಚ್ಚಬಲ್ಲರು, ಹೊಸದರ ಬೆಲೆಯೆಷ್ಟು, ಎಷ್ಟು ವರ್ಷ ದೊರೆಯುವುದು? ಇವಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡದ ಅಂಗಡಿಯಿಂದ ಹಿಂದಿರುಗುವುದೇ ಲೇಸು. ಸರಕಾರದವರಿಗೆ ಹೇಳುವುದೂ ಕಠಿಣವಾದುದಲ್ಲ. ಗರಿಷ್ಠ ಶಕ್ತಿಗೆ ಸ್ಪಷ್ಟವಾದ ಮಿತಿಯನ್ನು ಹಾಕಿ, ಅದರೊಳಗಿರುವ ಸೈಕಲ್ಲುಗಳನ್ನು ಪೀಡಿಸದೆ ಬಿಡಲಿ. ಮನುಷ್ಯನ ಕಾಲು ಮುಂದಾಗಿ ಮೋಟಾರು ಹಿಂದಾಗಿರುವವರೆಗೂ ಅದು ಸೈಕಲ್ಲು; ಆ ಕ್ರಮವು ತಲೆಕೆಳಗಾದ ದಿನ ಅದಕ್ಕೆ ಬೇರೆ ಹೆಸರನ್ನೂ ಬೇರೆ ನಿಯಮವನ್ನೂ ಕೊಡುವುದೇ ನ್ಯಾಯ.