ಎಂಟರ್ ಒತ್ತಿದ ಮೇಲೆ

ಸಾಗರದಲ್ಲಿರುವ ನಮ್ಮ ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರ್ತಾರೆ. ಮೊದಲೆಲ್ಲ ಫೋನಿನಲ್ಲೇ ಆರ್ಡರ್ ತಗೊಂಡು ನೋಟ್‌ಬುಕ್ಕಲ್ಲಿ ಬರೆದುಕೊಳ್ತಿದ್ರು. "ಬೆಂಗ್ಳೂರಲ್ಲಿ ಕಂಪ್ಯೂಟರ್ ಕೆಲಸ ಮಾಡ್ತೀಯಲ್ಲೇ, ನಂಗೊಂದು ವೆಬ್‌ಸೈಟ್ ಮಾಡ್ಕೊಡೋಕೆ ಆಗಲ್ವಾ?" ಅಂತ ಕೇಳಿದಾಗ ಎರಡು ವೀಕೆಂಡ್ ಕೂತು ಒಂದು ಸಣ್ಣ ಸೈಟ್ ಮಾಡಿಕೊಟ್ಟೆ. ಜನ ಆರ್ಡರ್ ಹಾಕ್ತಾರೆ, ಅದು ಡೇಟಾಬೇಸಿನಲ್ಲಿ ಒಂದು ಸಾಲಾಗಿ ಕೂರುತ್ತೆ, ಚಿಕ್ಕಮ್ಮ ಬೆಳಿಗ್ಗೆ ವಿಳಾಸದ ಚೀಟಿಗಳನ್ನು ಪ್ರಿಂಟ್ ಮಾಡಿ ಡಬ್ಬಕ್ಕೆ ಅಂಟಿಸ್ತಾರೆ. ಅಷ್ಟೇ.

ಒಂದು ಕೆಲಸ ಮಾತ್ರ ಬಾಕಿ ಉಳಿಸಿದ್ದೆ. ಆರ್ಡರ್ ಹಾಕಿದ ಮೇಲೆ ವಿಳಾಸ ಬದಲಿಸೋಕೆ ಸೈಟಿನಲ್ಲಿ ಬಟನ್ ಇರಲಿಲ್ಲ. 'ಆಮೇಲೆ ಮಾಡಿದ್ರಾಯ್ತು' ಪಟ್ಟಿಯಲ್ಲಿ ಅದೂ ಒಂದು. ಅಲ್ಲಿಯವರೆಗೆ ಯಾರಾದರೂ ಕೇಳಿದರೆ ನಾನೇ ಸರ್ವರ್‌ಗೆ ಲಾಗಿನ್ ಆಗಿ, ಕಪ್ಪು ಪರದೆಯಲ್ಲಿ ಮೈಎಸ್‌ಕ್ಯೂಎಲ್ ತೆರೆದು, ಕಮಾಂಡ್ ಟೈಪ್ ಮಾಡಿ ಬದಲಿಸ್ತಿದ್ದೆ. ಹತ್ತು ಸೆಕೆಂಡಿನ ಕೆಲಸ.

ಮೇ ತಿಂಗಳ ಕೊನೇ ಭಾನುವಾರ, ರಾತ್ರಿ ಹನ್ನೊಂದೂವರೆ. ಧಾರವಾಡದ ಗಿರಾಕಿಯೊಬ್ಬರು ಮೈಸೂರಿಗೆ ಮನೆ ಬದಲಿಸಿದ್ದರು. ಹೊಸ ವಿಳಾಸವನ್ನು ಚಿಕ್ಕಮ್ಮ ವಾಟ್ಸಾಪಿನಲ್ಲಿ ಕಳಿಸಿದ್ದರು. ನಾನು ಒಂದು ಕೈಯಲ್ಲಿ ಮೊಸರನ್ನದ ತಟ್ಟೆ ಹಿಡಿದುಕೊಂಡೇ ಕೂತೆ.

ಇಂಥ ಕಮಾಂಡಿಗೆ ಎರಡು ಭಾಗ. ಮೊದಲನೆಯದು 'ಅಪ್‌ಡೇಟ್': ವಿಳಾಸವನ್ನು ಹೀಗೆ ಬದಲಿಸು ಅಂತ. ಎರಡನೆಯದು 'ವೇರ್': ಎಲ್ಲಿ ಅಂದರೆ, ಈ ನಂಬರಿನ ಆರ್ಡರಿನಲ್ಲಿ ಮಾತ್ರ ಅಂತ. ಮೊದಲ ಭಾಗ ಬರೆದೆ, ವಿಳಾಸ ಪೇಸ್ಟ್ ಮಾಡಿದೆ, ಕೋಟ್ ಮುಚ್ಚಿದೆ. ಬೆರಳು ಅಭ್ಯಾಸಬಲದಿಂದ ಸೆಮಿಕೋಲನ್ ಹಾಕಿ ಎಂಟರ್ ಒತ್ತಿಬಿಡ್ತು.

"ಕ್ವೆರಿ ಓಕೆ, 386 ರೋಸ್ ಅಫೆಕ್ಟೆಡ್."

ಒಂದು ಅಂತ ಇರಬೇಕಾದ ಜಾಗದಲ್ಲಿ 386. ಅಂದರೆ ಅಂಗಡಿಯ ಅಷ್ಟೂ ಆರ್ಡರ್‌ಗಳು ಈಗ ಮೈಸೂರಿನ ಒಂದೇ ಮನೆಗೆ. ಅದರಲ್ಲಿ 61 ಡಬ್ಬ ಬೆಳಿಗ್ಗೆ ಒಂಬತ್ತಕ್ಕೆ ಕೊರಿಯರ್‌ಗೆ ಹೋಗಬೇಕಿತ್ತು. ಎಲ್ಲಕ್ಕೂ ದುಡ್ಡು ಮುಂಚೆಯೇ ಬಂದಿತ್ತು.

ಗಾಬರಿಯಲ್ಲಿ 'ರೋಲ್‌ಬ್ಯಾಕ್' ಅಂತ ಟೈಪ್ ಮಾಡಿದೆ, ಮಾಡಿದ್ದನ್ನು ವಾಪಸ್ ತಗೋ ಅಂತ. ಪುಣ್ಯಾತ್ಮ ಮೈಎಸ್‌ಕ್ಯೂಎಲ್ "ಓಕೆ" ಅಂತಲೇ ಉತ್ತರ ಕೊಟ್ಟಿತು, "0 ರೋಸ್ ಅಫೆಕ್ಟೆಡ್" ಅಂತ ಸೇರಿಸಿ. ಮೊದಲೇ 'ಸ್ಟಾರ್ಟ್ ಟ್ರಾನ್ಸಾಕ್ಷನ್' ಅಂತ ಹೇಳಿರದಿದ್ದರೆ ಪ್ರತಿ ಕಮಾಂಡೂ ಆ ಕ್ಷಣಕ್ಕೇ ಕಾಯಂ ಆಗುತ್ತೆ. ವಾಪಸ್ ತಗೊಳ್ಳೋಕೆ ಏನೂ ಉಳಿದಿರೋದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆಫೀಸಿನಲ್ಲಿ ಹೊಸಬರಿಗೆ ಇದನ್ನೇ ಹೇಳಿಕೊಡೋದು ನಾನು!

ಸರಿ, ಬ್ಯಾಕಪ್ ಇದೆಯಲ್ಲ ಅಂದ್ಕೊಂಡೆ. ದಿನಾ ರಾತ್ರಿ ಎರಡಕ್ಕೆ ಮೈಎಸ್‌ಕ್ಯೂಎಲ್‌ಡಂಪ್ ಓಡಿ ಇಡೀ ಡೇಟಾಬೇಸನ್ನು ಫೈಲಿಗೆ ಇಳಿಸುತ್ತೆ, ಆ ಫೈಲನ್ನು ಜಿಜಿಪ್ ಕುಗ್ಗಿಸಿ ಇಡುತ್ತೆ. ಫೋಲ್ಡರ್ ತೆರೆದರೆ ತಾರೀಖಿನ ಪ್ರಕಾರ ಸಾಲಾಗಿ ಫೈಲುಗಳು, ಒಂದು ದಿನವೂ ತಪ್ಪಿಲ್ಲ. ಗಾತ್ರ ನೋಡಿದೆ. 20 ಬೈಟ್. ಹಿಂದಿನ ದಿನದ್ದು? 20 ಬೈಟ್. ಅದರ ಹಿಂದಿನದು? ಅದೂ 20.

ಏನೂ ಇಲ್ಲದ್ದನ್ನು ಜಿಜಿಪ್‌ಗೆ ಕೊಟ್ಟರೂ ಅದು ನಿಷ್ಠೆಯಿಂದ 20 ಬೈಟಿನ ಖಾಲಿ ಪೊಟ್ಟಣ ಕಟ್ಟಿಕೊಡುತ್ತೆ. ಮೂರು ತಿಂಗಳ ಹಿಂದೆ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ್ದೆ, ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಹಳೆಯದೇ ಉಳಿದಿತ್ತು. ಡಂಪ್ ಬಾಗಿಲಲ್ಲೇ ಸೋತು ವಾಪಸಾಗ್ತಿತ್ತು. ಎರಡು ಕಮಾಂಡುಗಳನ್ನು ಪೈಪ್ ಹಾಕಿ ಜೋಡಿಸಿದಾಗ ಶೆಲ್ ಕೊನೆಯದರ ಫಲಿತಾಂಶವನ್ನಷ್ಟೇ ನೋಡುತ್ತೆ. ಜಿಜಿಪ್ ಪಾಸ್, ಹಾಗಾಗಿ ಎಲ್ಲವೂ ಪಾಸ್. ಸ್ಕ್ರಿಪ್ಟಿನ ತಲೆಯಲ್ಲಿ 'ಪೈಪ್‌ಫೇಲ್' ಅನ್ನೋ ಒಂದು ಸೆಟ್ಟಿಂಗ್ ಹಾಕಿ, ಫಲಿತಾಂಶ ನೋಡಿ ನನಗೊಂದು ಮೆಸೇಜ್ ಬರುವ ಹಾಗೆ ಮಾಡಿದ್ದರೆ ಮೊದಲ ರಾತ್ರಿಯೇ ತಿಳಿಯುತ್ತಿತ್ತು.

ಆ ಹೊತ್ತಿಗೆ ಮೊಸರನ್ನ ಒಣಗಿತ್ತು. ನನಗೆ ನೆನಪಾದದ್ದು ಗಿಟ್‌ಲ್ಯಾಬ್.

ಪ್ರೋಗ್ರಾಮರ್‌ಗಳಿಗೆ ಈ ಕತೆ ಗೊತ್ತಿರುತ್ತೆ, ಉಳಿದವರಿಗೆ ಚುಟುಕಾಗಿ ಹೇಳ್ತೀನಿ. 2017ರ ಜನವರಿ 31ರ ರಾತ್ರಿ ಆ ಕಂಪನಿಯ ಎಂಜಿನಿಯರ್ ಒಬ್ಬರು ಎರಡನೇ ಡೇಟಾಬೇಸ್ ಸರ್ವರನ್ನು ಸರಿ ಮಾಡ್ತಾ ಇದ್ದರು. ಅದರ ಫೋಲ್ಡರನ್ನು ಅಳಿಸುವ ಕಮಾಂಡ್ ಕೊಟ್ಟರು. ಕೊಟ್ಟಿದ್ದು ಮಾತ್ರ ಮೊದಲನೇ ಸರ್ವರಿನಲ್ಲಿ, ಜನ ಬಳಸುತ್ತಿದ್ದ ಅಸಲಿ ಡೇಟಾ ಇದ್ದಲ್ಲಿ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ ಹುಡುಕಿದರೆ ಡಂಪ್ ಫೈಲುಗಳೇ ಇಲ್ಲ. ಡಂಪ್ ಮಾಡುವ ಸಾಧನದ ಆವೃತ್ತಿಗೂ ಡೇಟಾಬೇಸಿನ ಆವೃತ್ತಿಗೂ ಹೊಂದದೆ ಅದು ಫೇಲ್ ಆಗ್ತಾ ಇತ್ತು. ಹಾಗಂತ ತಿಳಿಸಬೇಕಿದ್ದ ಇಮೇಲ್‌ಗಳು ತಿರಸ್ಕೃತವಾಗ್ತಿದ್ದವು. ಆ ಎಂಜಿನಿಯರೇ ಆರು ಗಂಟೆ ಮುಂಚೆ ಬೇರೇನೋ ಕೆಲಸಕ್ಕೆ ತೆಗೆದಿಟ್ಟಿದ್ದ ಒಂದು ನಕಲು ಅವರನ್ನು ಉಳಿಸಿತು. ಅಷ್ಟು ಹೊತ್ತಿನಲ್ಲಿ ಬಂದಿದ್ದ ಡೇಟಾ ಮಾತ್ರ ಹೋಯಿತು. ಅವರು ರಿಪೇರಿ ಕೆಲಸವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು. ಆಮೇಲೆ ಬರೆದ ವರದಿಯಲ್ಲಿ ಆ ಎಂಜಿನಿಯರ್‌ನ ಹೆಸರಿಲ್ಲ. ಇದು ನನಗೆ ಹಿಡಿಸಿದ ಸಂಗತಿ.

ಅಷ್ಟು ದೊಡ್ಡವರಿಗೇ ಹೀಗಾದರೆ ಅಂತ ಸಮಾಧಾನ ಮಾಡ್ಕೊಂಡೆ ಅಂತ ಬರೆಯಬಹುದಿತ್ತು. ಸುಳ್ಳು. ಚಿಕ್ಕಮ್ಮನಿಗೆ ಏನಂತ ಹೇಳೋದು ಅನ್ನೋದೊಂದೇ ತಲೆಯಲ್ಲಿ ಓಡ್ತಿತ್ತು.

ಹನ್ನೆರಡೂಕಾಲಿಗೆ ಫೋನ್ ಮಾಡಿದೆ. "ಎಂತ ಆಯ್ತೇ ಮಾರಾಯ್ತಿ, ಇಷ್ಟೊತ್ತಲ್ಲಿ?" ಅಂದರು. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅವ್ರಿಗೆಲ್ಲ ನಾನೇ ಫೋನ್ ಮಾಡಿ ಕೇಳ್ಲಾ?" ಅಂತ ಕೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಬೇಡ ಚಿಕ್ಕಮ್ಮ, ಬೆಳಿಗ್ಗೆ ತನಕ ಟೈಮ್ ಕೊಡಿ" ಅಂದೆ.

ಮೊದಲು ಸೈಟನ್ನು ನಿಲ್ಲಿಸಿದೆ, ಹೊಸ ಆರ್ಡರ್ ಬಂದು ಇನ್ನಷ್ಟು ಗೊಂದಲ ಆಗೋದು ಬೇಡ ಅಂತ. ಆಗ ನೆನಪಾಗಿದ್ದು ಬೈನರಿ ಲಾಗ್. ಡೇಟಾಬೇಸಿನಲ್ಲಿ ಆದ ಪ್ರತಿ ಬದಲಾವಣೆಯನ್ನೂ ಮೈಎಸ್‌ಕ್ಯೂಎಲ್ ಒಂದು ಕಡೆ ಬರೆದಿಡುತ್ತೆ. ಮೊದಲು ಇದನ್ನು ನಾವೇ ಆನ್ ಮಾಡಬೇಕಿತ್ತು. 8.0 ಆವೃತ್ತಿಯಿಂದ ತಾನಾಗಿಯೇ ಆನ್ ಇರುತ್ತೆ, ನಾವು ಮುಟ್ಟದಿದ್ದರೆ 30 ದಿನದ್ದು ಉಳಿದಿರುತ್ತೆ. ಆ ಲಾಗ್ ಫೈಲನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು ಮೈಎಸ್‌ಕ್ಯೂಎಲ್‌ಬಿನ್‌ಲಾಗ್ ಅನ್ನೋ ಸಾಧನದಿಂದ ತೆರೆದೆ. ಸುಮ್ಮನೆ ತೆರೆದರೆ ಅರ್ಥವಾಗದ ಅಕ್ಷರಗಳ ರಾಶಿ. 'ವರ್ಬೋಸ್' ಅಂತ ಸೇರಿಸಿದರೆ ಮನುಷ್ಯರು ಓದುವಂತೆ ಬಿಡಿಸಿ ಕೊಡುತ್ತೆ.

ಬಿಡಿಸಿ ಕೊಟ್ಟಿದ್ದರಲ್ಲಿ ಪ್ರತಿ ಆರ್ಡರಿಗೂ ಎರಡು ಭಾಗ ಇತ್ತು. 'ಸೆಟ್' ಅಂತ ಬರೆದು ಅದರ ಕೆಳಗೆ ಬದಲಾದ ಸಾಲು, ಅದಕ್ಕೂ ಮೇಲೆ 'ವೇರ್' ಅಂತ ಬರೆದು ಬದಲಾಗುವ ಮುಂಚೆ ಇದ್ದ ಸಾಲು. ಶಿರಸಿ, ಹುಬ್ಬಳ್ಳಿ, ಪುಣೆ, ಜಯನಗರ ಎಲ್ಲವೂ ಅಲ್ಲೇ ಇದ್ದವು. ನಾನು ಬರೆಯೋಕೆ ಮರೆತಿದ್ದ ವೇರ್ ಅಲ್ಲಿ 386 ಸಲ ಇತ್ತು.

ಅವನ್ನು ತಿರುಗಿಸಿ 386 ಅಪ್‌ಡೇಟ್ ಕಮಾಂಡ್ ಮಾಡುವ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದೆ. ಮೊದಲು ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿ, ಆಮೇಲೆ ಸರ್ವರಿನಲ್ಲಿ 'ಸ್ಟಾರ್ಟ್ ಟ್ರಾನ್ಸಾಕ್ಷನ್' ಹಾಕಿ ಓಡಿಸಿ, ವಿಳಾಸಗಳನ್ನೆಲ್ಲ ಕಣ್ಣಾರೆ ಓದಿ, ಕೊನೆಗೆ 'ಕಮಿಟ್' ಕೊಟ್ಟಾಗ ನಾಲ್ಕೂವರೆ. ಎದುರುಮನೆಗೆ ಹಾಲು ಬರ್ತಾ ಇತ್ತು.

ಅವತ್ತಿನಿಂದ ಕೆಲವು ಅಭ್ಯಾಸ ಬದಲಾಗಿವೆ. ಬದಲಿಸುವ ಮೊದಲು ಅದೇ ವೇರ್ ಇಟ್ಟುಕೊಂಡು 'ಸೆಲೆಕ್ಟ್' ಮಾಡಿ ನೋಡ್ತೀನಿ. ಒಂದು ಸಾಲು ಬಂದರೆ ಮಾತ್ರ ಮುಂದೆ. ಅಸಲಿ ಸರ್ವರಿನ ಪರದೆಯಲ್ಲಿ ಹೆಸರು ಕೆಂಪಗೆ ಕಾಣೋ ಹಾಗೆ ಮಾಡಿಕೊಂಡಿದ್ದೀನಿ. ಮೈಎಸ್‌ಕ್ಯೂಎಲ್‌ನಲ್ಲಿ 'ಸೇಫ್ ಅಪ್‌ಡೇಟ್ಸ್' ಅನ್ನೋ ಆಯ್ಕೆ ಇದೆ. ಹಾಕಿಕೊಂಡರೆ ವೇರ್ ಇಲ್ಲದ ಇಂಥ ಅಪ್‌ಡೇಟನ್ನು ಅದು ನಡೆಸೋದೇ ಇಲ್ಲ. ಆ ಆಯ್ಕೆಗೆ ಮಾಡಿದವರೇ ಇಟ್ಟ ಇನ್ನೊಂದು ಹೆಸರು 'ಐ ಆಮ್ ಎ ಡಮ್ಮಿ'. ನಾನು ಆ ಹೆಸರಿನಲ್ಲೇ ಹಾಕಿಕೊಂಡಿದ್ದೀನಿ, ಅರ್ಹತೆ ಇದೆ.

ಬ್ಯಾಕಪ್ಪನ್ನು ಈಗ ತಿಂಗಳಿಗೊಂದು ಶನಿವಾರ ಲ್ಯಾಪ್‌ಟಾಪಿಗೆ ಇಳಿಸಿ, ಸೈಟು ಅದರ ಮೇಲೆ ನಿಜಕ್ಕೂ ಓಡುತ್ತಾ ನೋಡ್ತೀನಿ. ಮೊದಲ ಸಲವೇ ಒಂದು ಹುಳುಕು ಸಿಕ್ಕಿತು. ಗಿರಾಕಿಗಳು ಬರೆದಿದ್ದ ಕನ್ನಡವೆಲ್ಲ ಸರಿಯಾಗಿತ್ತು, ಇಮೋಜಿಗಳು ಮಾತ್ರ ಪ್ರಶ್ನಾರ್ಥಕ ಚಿಹ್ನೆ ಆಗಿದ್ದವು. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಸಾಕು, ಇಮೋಜಿಗೆ 4 ಬೇಕು. ನನ್ನ ಸ್ಕ್ರಿಪ್ಟಿನಲ್ಲಿದ್ದ ಹಳೇ 'ಯುಟಿಎಫ್8' ಮೂರಕ್ಕೇ ನಿಲ್ಲುತ್ತೆ. 'ಯುಟಿಎಫ್8ಎಂಬಿ4' ಅಂತ ಬದಲಿಸಿದೆ. ಉಪ್ಪಿನಕಾಯಿ ಖಾರ ಅಂತ ಬೆಂಕಿ ಚಿತ್ರ ಹಾಕಿದವರೆಲ್ಲ ಈಗ ಕ್ಷೇಮ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಮುಚ್ಚಿಡೋದು ಸರಿಯಲ್ಲ. ಅವತ್ತು ಬೆಳಿಗ್ಗೆ 61 ಡಬ್ಬಗಳೂ ಹೋದವು. ವಾರದ ಮೇಲೆ ಚಿಕ್ಕಮ್ಮ ಫೋನ್ ಮಾಡಿದರು.

"ಎಲ್ರಿಗೂ ಮುಟ್ತಂತೆ ಕಣೇ. ಆ ಮೈಸೂರಿನವ್ರದ್ದು ಮಾತ್ರ ಧಾರವಾಡಕ್ಕೆ ಹೋಗಿದೆ."