ಪಾಷಾಣವನ್ನು ಹಿಡಿಯುವ ತುಕ್ಕು

ಗೇಟಿಗೆ ತುಕ್ಕು ಹಿಡಿಯದಿರಲೆಂದು ಜನ ಬಣ್ಣ ಬಳಿಯುತ್ತಾರೆ. ಆದರೆ ಪಶ್ಚಿಮ ಬಂಗಾಳದ ಶಾಲೆಯೊಂದರಲ್ಲಿ ಕಬ್ಬಿಣಕ್ಕೆ ಬೇಕೆಂದೇ ತುಕ್ಕು ಹಿಡಿಸುವ ಯಂತ್ರವನ್ನು ಕೂರಿಸಲಾಯಿತು. ಮಕ್ಕಳಿಗೆ ಶುದ್ಧ ನೀರು ಸಿಗಲೆಂದು!

ಗಂಗಾ ನದಿಯ ಮುಖಜ ಭೂಮಿಯಲ್ಲಿ ಕೆರೆ, ಹೊಂಡಗಳ ನೀರಿನಿಂದ ವಾಂತಿಭೇದಿ ಹರಡುತ್ತಿತ್ತು. ಅದನ್ನು ತಪ್ಪಿಸಲು 1970ರ ದಶಕದಿಂದ ಪಶ್ಚಿಮ ಬಂಗಾಳ, ಬಾಂಗ್ಲಾದೇಶಗಳಲ್ಲಿ ಲಕ್ಷಾಂತರ ಕೊಳವೆಬಾವಿಗಳನ್ನು ಕೊರೆಯಲಾಯಿತು. ರೋಗಾಣುಗಳ ಕಾಟವೇನೋ ತಗ್ಗಿತು. ಆದರೆ ನೆಲದಡಿಯ ಮೆಕ್ಕಲು ಮಣ್ಣಿನ ಆರ್ಸೆನಿಕ್ ನೀರಿನೊಡನೆ ಮೇಲೆ ಬಂತು. ಹಳಬರು ಪಾಷಾಣ ಎನ್ನುತ್ತಿದ್ದ ವಿಷ ಇದರ ಸಂಯುಕ್ತವೇ. ನೀರಿನಲ್ಲಿ ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ವರ್ಷಗಟ್ಟಲೆ ಕುಡಿದವರ ಅಂಗೈ, ಅಂಗಾಲು ಗಡುಸಾಗುತ್ತವೆ, ಚರ್ಮದಲ್ಲಿ ಕಲೆಗಳೇಳುತ್ತವೆ, ಕ್ಯಾನ್ಸರ್ ಕೂಡ ಬರಬಹುದು. ಕುದಿಸಿದರೆ ಹೋಗುವ ವಿಷವಲ್ಲ ಇದು.

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಎಂದರೆ ಒಂದು ಲಕ್ಷ ಲೀಟರಿಗೆ ಬರೀ ಒಂದು ಗ್ರಾಂ! ಇಷ್ಟು ಸೂಕ್ಷ್ಮವಾದುದನ್ನು ಹೆಕ್ಕುವುದು ಹೇಗೆ?

ಅಮೆರಿಕದ ಬರ್ಕ್ಲಿಯಲ್ಲಿ ವಿಜ್ಞಾನಿ ಅಶೋಕ್ ಗಾಡ್ಗೀಳ್ ಮತ್ತು ಸಂಗಡಿಗರು ರೂಪಿಸಿದ ಉಪಾಯ ಸರಳ. ತೊಟ್ಟಿಯ ನೀರಿನಲ್ಲಿ ಕಬ್ಬಿಣದ ತಗಡುಗಳನ್ನು ಇಳಿಬಿಟ್ಟು ಕಡಿಮೆ ವೋಲ್ಟೇಜಿನ ವಿದ್ಯುತ್ ಹರಿಸುತ್ತಾರೆ. ಧನಾಗ್ರದ ಕಬ್ಬಿಣ ನೀರಿಗಿಳಿದು, ಅಲ್ಲಿರುವ ಆಮ್ಲಜನಕದೊಡನೆ ಸೇರಿ ನವಿರಾದ ತುಕ್ಕಾಗುತ್ತದೆ. ಅಂತರ್ಜಲದ ಆರ್ಸೆನಿಕ್‌ನಲ್ಲಿ ಹೆಚ್ಚಿನದು ತುಕ್ಕಿಗೆ ಸುಲಭವಾಗಿ ಅಂಟದು. ಆದರೆ ತುಕ್ಕು ಹುಟ್ಟುವಾಗ ನಡೆಯುವ ಉತ್ಕರ್ಷಣ ಕ್ರಿಯೆಯೇ ಅದನ್ನು ಅಂಟುವ ರೂಪಕ್ಕೆ ತಿರುಗಿಸುತ್ತದೆ. ಗುಟ್ಟಿರುವುದು ಇಲ್ಲೇ. ಬಳಿಕ ಸ್ವಲ್ಪ ಪಟಿಕ ಹಾಕಿದರೆ ತುಕ್ಕು ವಿಷವನ್ನು ಹೊತ್ತು ತಳಕ್ಕಿಳಿಯುತ್ತದೆ, ತಿಳಿನೀರು ಮೇಲುಳಿಯುತ್ತದೆ.

ಜಾದವಪುರ ವಿಶ್ವವಿದ್ಯಾನಿಲಯದ ಜತೆಗೂಡಿ, ದಕ್ಷಿಣ 24 ಪರಗಣ ಜಿಲ್ಲೆಯ ಧಪಧಪಿ ಪ್ರೌಢಶಾಲೆಯಲ್ಲಿ 2016ರಲ್ಲಿ ದಿನಕ್ಕೆ 10,000 ಲೀಟರ್ ನೀರು ಕೊಡುವ ಘಟಕವನ್ನು ನಡೆಸಲಾಯಿತು. ಲೀಟರಿಗೆ ಸುಮಾರು 250 ಮೈಕ್ರೋಗ್ರಾಂ ಇದ್ದ ಆರ್ಸೆನಿಕ್ 5ಕ್ಕಿಂತ ಕೆಳಗಿಳಿಯಿತು.

ಹಾಗೆಂದು ವಿಷ ಮಾಯವಾಗಲಿಲ್ಲ. ನೀರಿನಿಂದ ಕೆಸರಿಗೆ ಹೋಯಿತು, ಅಷ್ಟೆ. ಆ ಕೆಸರನ್ನು ಹೊಲಕ್ಕೋ ಹಳ್ಳಕ್ಕೋ ಸುರಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಕಾಂಕ್ರೀಟಿನಲ್ಲಿ ಬೆರೆಸಿ ಅದನ್ನು ಬಂಧಿಸುವ ಪ್ರಯೋಗಗಳೂ ನಡೆದಿವೆ. ತಗಡುಗಳನ್ನು ಆಗಾಗ ಶುಚಿ ಮಾಡಬೇಕು, ನೀರನ್ನು ಪರೀಕ್ಷಿಸುತ್ತಲೇ ಇರಬೇಕು. ಯಂತ್ರ ತಂದ ಮಾತ್ರಕ್ಕೆ ಕೆಲಸ ಮುಗಿಯದು. ದಿನವೂ ನೋಡಿಕೊಳ್ಳುವವರು ಬೇಕು.

ಕರ್ನಾಟಕದಲ್ಲೂ ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಕಂಡುಬಂದಿದೆ. ಬ್ಯಾಟರಿ, ಎರಡು ಮೊಳೆ, ಒಂದು ಲೋಟ ಉಪ್ಪುನೀರು ಇದ್ದರೆ ತುಕ್ಕು ಹುಟ್ಟುವುದನ್ನು ವಿದ್ಯಾರ್ಥಿಗಳು ಶಾಲೆಯಲ್ಲೇ ನೋಡಬಹುದು. ಆ ನೀರನ್ನು ಮಾತ್ರ ಕುಡಿಯಬಾರದು. ಬಾವಿಯ ನೀರು ಕುಡಿಯಲು ಯೋಗ್ಯವೇ ಎಂದು ಹೇಳಬೇಕಾದದ್ದು ಕಣ್ಣಲ್ಲ, ನಾಲಿಗೆಯಲ್ಲ, ಪ್ರಯೋಗಾಲಯ.